ಲೈಕುಗಳ ಲೆಕ್ಕಕ್ಕೆ ಸಿಗದ ಐಡಿಯಾಗಳು

2006ರ ಜುಲೈನಲ್ಲಿ ಐಬಿಎಂ ಕಂಪನಿ ತನ್ನ ನೌಕರರನ್ನು, ಅವರ ಮನೆಯವರನ್ನು, ಗ್ರಾಹಕ ಕಂಪನಿಗಳವರನ್ನು ಆನ್‌ಲೈನಿನಲ್ಲಿ ಸೇರಿಸಿ 72 ಗಂಟೆ ಎಡೆಬಿಡದೆ ಚರ್ಚೆಗೆ ಕೂರಿಸಿತು. ಅದರ ಹೆಸರು ‘ಇನೊವೇಷನ್ ಜಾಮ್’. ಸೆಪ್ಟೆಂಬರಿನ ಎರಡನೆಯ ಸುತ್ತೂ ಸೇರಿ, ನೂರಕ್ಕೂ ಹೆಚ್ಚು ದೇಶಗಳ ಸುಮಾರು ಒಂದೂವರೆ ಲಕ್ಷ ಮಂದಿ 46,000ದಷ್ಟು ಸಲಹೆ, ಅಭಿಪ್ರಾಯ ಬರೆದರು.

ಬರೆಸುವುದು ಸುಲಭ, ಆರಿಸುವುದೇ ಕಷ್ಟ. ಅಷ್ಟೂ ಬರಹಗಳನ್ನು ವಿಷಯವಾರು ಗುಂಪು ಮಾಡಲು ಸಾಫ್ಟ್‌ವೇರ್ ನೆರವಾಯಿತು. ಆದರೆ ಯಾವುದು ಮುಖ್ಯ ಎಂದು ಅದು ಹೇಳಲಿಲ್ಲ. ಐವತ್ತರಷ್ಟು ಹಿರಿಯ ಅಧಿಕಾರಿಗಳು, ತಜ್ಞರು ನ್ಯೂಯಾರ್ಕ್ ರಾಜ್ಯದ ವ್ಯಾಟ್ಸನ್ ಸಂಶೋಧನಾಲಯದಲ್ಲಿ ವಾರವಿಡೀ ಕೂತು ಓದಿದರು. ಕೊನೆಗೆ ಉಳಿದ ಹತ್ತು ಯೋಜನೆಗಳಿಗೆ ಕಂಪನಿ 10 ಕೋಟಿ ಡಾಲರ್ ತೆಗೆದಿಟ್ಟಿತು. ವಿದ್ಯುತ್ ಜಾಲದ ಚುರುಕು ನಿರ್ವಹಣೆ, ಆಡಿದ ಮಾತಿನ ತಕ್ಷಣದ ಅನುವಾದ ಅವುಗಳಲ್ಲಿದ್ದವು.

ಆ ಒಂದು ವಾರದ ಓದೇ ನನಗೆ ಇಡೀ ಪ್ರಸಂಗದಲ್ಲಿ ಅಮೂಲ್ಯವೆನಿಸುತ್ತದೆ. ಇಂದಿನ ಅನೇಕ ಕಂಪನಿಗಳು ಆ ಶ್ರಮವನ್ನು ಲೈಕ್ ಗುಂಡಿಗೆ ಒಪ್ಪಿಸಿಬಿಟ್ಟಿವೆ. ಐಡಿಯಾ ಹಾಕಿ, ಸಹೋದ್ಯೋಗಿಗಳು ಮತ ಹಾಕಲಿ, ಮೇಲೆ ಬಂದದ್ದು ಗೆಲ್ಲಲಿ ಎಂಬುದು ಲೆಕ್ಕ. ಇದು ಪ್ರಜಾಪ್ರಭುತ್ವದಂತೆ ಕಂಡರೂ ಅಲ್ಲ. ಅದೇ 2006ರಲ್ಲಿ ಸಾಲ್ಗಾನಿಕ್, ಡಾಡ್ಸ್, ವಾಟ್ಸ್ ಎಂಬ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವನ್ನೇ ನೋಡಿ. 14,000ಕ್ಕೂ ಹೆಚ್ಚು ಮಂದಿಗೆ ಅಪರಿಚಿತ ತಂಡಗಳ 48 ಹಾಡುಗಳನ್ನು ಕೊಟ್ಟರು. ಬೇರೆಯವರು ಎಷ್ಟು ಸಲ ಡೌನ್‌ಲೋಡ್ ಮಾಡಿದ್ದಾರೆಂದು ಕಾಣಿಸಿದ ಗುಂಪುಗಳಲ್ಲಿ ಜನಪ್ರಿಯ ಹಾಡುಗಳು ಇನ್ನಷ್ಟು ಮೇಲೇರಿದವು. ಯಾವ ಹಾಡು ಗೆಲ್ಲುತ್ತದೆಂಬುದು ಮಾತ್ರ ಗುಂಪಿನಿಂದ ಗುಂಪಿಗೆ ಬದಲಾಯಿತು.

ಕಚೇರಿಯಲ್ಲಂತೂ ಮ್ಯಾನೇಜರ್ ಲೈಕ್ ಒತ್ತಿದ ಐಡಿಯಾಕ್ಕೆ ಉಳಿದವರೂ ಒತ್ತುತ್ತಾರೆ. ರಾತ್ರಿ ಪಾಳಿಯ ಮೆಕ್ಯಾನಿಕ್ ಬರೆದದ್ದು ಪುಟದ ಕೆಳಗೆ ಉಳಿಯುತ್ತದೆ, ಅದಕ್ಕೇ ಹೆಚ್ಚು ಹಣ ಉಳಿಸುವ ಶಕ್ತಿಯಿದ್ದರೂ.

ಐಡಿಯಾ ಹಾಕಿಸಿ ಲೈಕ್ ಎಣಿಸುವ ಇದೇ ತಂತ್ರಾಂಶವನ್ನು ಬೇರೆ ರೀತಿಯಲ್ಲೂ ಬಳಸಬಹುದು. ಮೌಲ್ಯಮಾಪನ ಮುಗಿಯುವವರೆಗೆ ಹೆಸರು, ಹುದ್ದೆ, ಮತಗಳ ಸಂಖ್ಯೆ ಮರೆಯಾಗಿರಲಿ. ಓದುವ ಪ್ರತಿಯೊಬ್ಬರಿಗೂ ಐಡಿಯಾಗಳು ಬೇರೆ ಬೇರೆ ಕ್ರಮದಲ್ಲಿ ಬರಲಿ. ಖರ್ಚು, ಉಪಯೋಗ, ಅಪಾಯಕ್ಕೆ ಪ್ರತ್ಯೇಕ ಅಂಕವಿರಲಿ. ಒಬ್ಬರು ಒಂಬತ್ತು, ಇನ್ನೊಬ್ಬರು ಎರಡು ಕೊಟ್ಟ ಐಡಿಯಾವನ್ನು ಸರಾಸರಿಯಲ್ಲಿ ಮುಳುಗಿಸಬೇಡಿ, ಮೊದಲು ಅದನ್ನೇ ಚರ್ಚೆಗೆ ಎತ್ತಿಕೊಳ್ಳಿ. ಹೊಸತು ಇರುವುದು ಹೆಚ್ಚಾಗಿ ಅಂಥ ಜಗಳದಲ್ಲೇ. ತಿರಸ್ಕರಿಸಿದ್ದಕ್ಕೆ ಎರಡು ಸಾಲಿನ ಕಾರಣವನ್ನು, ಓದಿದವರ ಹೆಸರಿನ ಸಮೇತ, ಬರೆದವರಿಗೆ ತಪ್ಪದೆ ಕಳಿಸಿ. ಅದೇ ವ್ಯಕ್ತಿ ಮುಂದಿನ ಸಲವೂ ಬರೆಯಬೇಕಲ್ಲ.