ಘಟ್ಟದ ದಾರಿಯಲ್ಲಿ ಜರ್ಮನ್ ದಾಯಾದಿಗಳು

ಆಡಿ ಕಾರಿನ ಮೂತಿಯ ಮೇಲೆ ನಾಲ್ಕು ಬಳೆಗಳಿವೆಯಲ್ಲ, ಅವುಗಳಲ್ಲಿ ಎರಡಕ್ಕೆ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕೊಟ್ಟಿಗೆಗಳಲ್ಲಿ ತುಕ್ಕು ಹಿಡಿದ ಬೈಕುಗಳ ನಂಟಿದೆ ಎಂದರೆ ಯಾರೂ ನಂಬಲಿಕ್ಕಿಲ್ಲ.

1932ರಲ್ಲಿ ಆಡಿ, ಡಿಕೆಡಬ್ಲ್ಯು, ಹಾರ್ಖ್, ವಾಂಡರರ್ ಎಂಬ ನಾಲ್ಕು ಜರ್ಮನ್ ಕಂಪನಿಗಳು ಒಂದಾದವು. ಬಳೆಗಳು ಆ ಒಕ್ಕೂಟದ ಗುರುತು. ವಾಂಡರರ್ ಅಷ್ಟರಲ್ಲಾಗಲೇ ಬೈಕಿನ ವ್ಯವಹಾರ ಮಾರಿಕೊಂಡಿತ್ತು. 1929ರಲ್ಲಿ ಅದನ್ನು ಕೊಂಡವರು ಪ್ರಾಗ್‌ನಲ್ಲಿ ಬಂದೂಕು ಮಾಡುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್. ಹೀಗೆ ಹುಟ್ಟಿತು ಜಾವಾ. ಇನ್ನು ಡಿಕೆಡಬ್ಲ್ಯುವಿನ ಆರ್‌ಟಿ 125 ಬೈಕನ್ನು ಮಹಾಯುದ್ಧದ ನಂತರ ಹಲವು ದೇಶಗಳು ನಕಲು ಮಾಡಿದವು. ಯಮಹಾದ ಮೊಟ್ಟಮೊದಲ ಬೈಕು, 1955ರ ವೈಎ-1, ಅದನ್ನೇ ನೋಡಿ ಕಟ್ಟಿದ್ದು.

ಈ ದಾಯಾದಿಗಳು ಎದುರುಬದುರಾದದ್ದು ಭಾರತದ ರಸ್ತೆಯಲ್ಲಿ. ಇರಾನಿ ಕುಟುಂಬದ ಐಡಿಯಲ್ ಜಾವಾ ಕಂಪನಿ 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಬೈಕು ತಯಾರಿಸತೊಡಗಿತು. ಮುಂದೆ ಅದೇ ಯೆಜ್ಡಿಯಾಯಿತು, 1978ರಲ್ಲಿ ಯೆಜ್ಡಿ ರೋಡ್‌ಕಿಂಗ್ ಬಂತು. ಅತ್ತ 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಹಾದ ಆರ್‌ಡಿ 350ಯನ್ನು ರಾಜದೂತ್ ಹೆಸರಲ್ಲಿ ಇಳಿಸಿತು.

ಕಾಗದದ ಮೇಲೆ ಹೋಲಿಕೆಯೇ ಇಲ್ಲ. ರೋಡ್‌ಕಿಂಗ್‌ಗೆ ಒಂದೇ ಸಿಲಿಂಡರು, 250 ಸಿಸಿ, 16 ಅಶ್ವಶಕ್ತಿ. ಆರ್‌ಡಿಗೆ ಎರಡು ಸಿಲಿಂಡರು, ಆರು ಗೇರು. ಮೊದಲು ಬಂದ ಹೈ ಟಾರ್ಕ್ ಮಾದರಿಗೆ 30.5 ಅಶ್ವಶಕ್ತಿ. ಆದರೆ ಜಪಾನಿನ ಮೂಲದಲ್ಲಿದ್ದ ಮುಂದಿನ ಡಿಸ್ಕ್ ಬ್ರೇಕ್ ಕಿತ್ತು ಇಲ್ಲಿ ಡ್ರಮ್ ಕೂರಿಸಿದ್ದರು. ಓಡಲು ಕಾಲು ಕೊಟ್ಟು, ನಿಲ್ಲಲು ಕೊಡದಿದ್ದ ಈ ಜಿಪುಣತನವನ್ನು ನಾನಂತೂ ಕ್ಷಮಿಸಲಾರೆ. ಟೂ ಸ್ಟ್ರೋಕ್ ಇಂಜಿನ್ನು ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವುದು ಅಷ್ಟಕ್ಕಷ್ಟೇ. ಅರಬೈಲು ಘಟ್ಟದ ತಿರುವುಗಳಲ್ಲಿ ಆರ್‌ಡಿ ಇಳಿಸುವುದಕ್ಕೆ ಗುಂಡಿಗೆ ಬೇಕಿತ್ತು.

ಯೆಜ್ಡಿಗೂ ಅದರದೇ ಕಾಟವಿತ್ತು. ಅದರ ಆಯಿಲ್ಲನ್ನು ಪೆಟ್ರೋಲಿಗೇ ಬೆರೆಸಬೇಕು. ದೇವಿಮನೆ ಘಟ್ಟದಲ್ಲಿ ಎಕ್ಸಲೇಟರ್ ಪೂರ್ತಿ ಬಿಟ್ಟು, ಗೇರಿನಲ್ಲೇ ಕುಮಟಾ ಕಡೆ ಜಾರಿದರೆ ಪೆಟ್ರೋಲು ಬಹುಪಾಲು ನಿಂತು, ಜೊತೆಗೆ ಆಯಿಲ್ಲೂ ನಿಲ್ಲುತ್ತದೆ. ಇಂಜಿನ್ನು ಮಾತ್ರ ತಿರುಗುತ್ತಲೇ ಇರುತ್ತದೆ. ಪಿಸ್ಟನ್ ಕಾದು ಕಚ್ಚಿಕೊಂಡರೆ ಚಕ್ರವೇ ನಿಂತೀತು. “ತಮಾ, ಆಗಾಗ ರೇಸ್ ಕೊಡ್ತಾ ಇಳಿ” ಎಂದು ಹಿರಿಯರು ಹೇಳುತ್ತಿದ್ದದ್ದು ಶೋಕಿಗಲ್ಲ. ಇನ್ನು ಎಡಗಡೆಯ ಒಂದೇ ಲಿವರ್ ಯೆಜ್ಡಿಗೆ ಕಿಕ್ಕರೂ ಹೌದು, ಗೇರೂ ಹೌದು. ಒಳಗೊತ್ತಿ ಮೇಲೆತ್ತಿ ಒದೆಯಬೇಕು, ಮತ್ತೆ ಮುಂದಕ್ಕೆ ಮಡಚಿ ಗೇರು ಹಾಕಬೇಕು. ಹೊಸಬರು ಅಂಗಳದಲ್ಲೇ ಪೆಚ್ಚಾಗುತ್ತಿದ್ದರು. ಕಲಿತವರಿಗೆ ಅದು ಅಡಿಕೆ ಮೂಟೆಯನ್ನೂ ಹೊರುತ್ತಿತ್ತು, ಹಿಂದೆ ಇಬ್ಬರನ್ನೂ.

ಪೆಟ್ರೋಲು ಕುಡಿಯುವ ಆರ್‌ಡಿ ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಾರುಕಟ್ಟೆಯಿಂದ ಎದ್ದುಹೋಯಿತು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಈಗ ಸಂಗ್ರಾಹಕರು ಹೆಚ್ಚು ದುಡ್ಡು ಸುರಿಯುವುದು ಸೋತ ಆರ್‌ಡಿಗೇ. ಸಿಗುವುದು ಕಡಿಮೆ, ಅದಕ್ಕೆ. ಊರೂರು ದುಡಿದ ಯೆಜ್ಡಿಗಳನ್ನು ನಾವು ಗುಜರಿಯವನ ತಕ್ಕಡಿಗೆ ಹಾಕಿದೆವು. ಜುಲೈನ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನವೆಂದು ಬೆಂಗಳೂರಿನಲ್ಲಿ ಹೊಳೆಯುವ ಗಾಡಿಗಳ ಸಾಲು ಕಂಡಾಗ ಹೊಟ್ಟೆ ಉರಿಯುತ್ತದೆ.

2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂತು, ಫೋರ್ ಸ್ಟ್ರೋಕ್ ಇಂಜಿನ್ನಿನೊಂದಿಗೆ. ಹಳೆಯದನ್ನೇ ಹುಡುಕುವವರು ಬಣ್ಣಕ್ಕೆ ಮರುಳಾಗದೆ ಮೊದಲು ಆರ್‌ಸಿ ಬುಕ್ಕಿನ ಇಂಜಿನ್, ಚಾಸಿ ನಂಬರು ತಾಳೆ ನೋಡಲಿ. ಎರಡು ಸತ್ತ ಗಾಡಿಗಳಿಂದ ಒಂದು ಜೀವಂತ ಗಾಡಿ ಕಟ್ಟುವ ಜಾಣರು ಎಲ್ಲ ಊರಲ್ಲೂ ಇದ್ದಾರೆ.