ಗೊಬ್ಬರದ ಗುಂಡಿಯಲ್ಲಿ ಕರಗದ ಟೀ ಬ್ಯಾಗ್

ಹೋದ ವರ್ಷ ಅಡಿಕೆ ಬುಡಕ್ಕೆ ಕಾಂಪೋಸ್ಟ್ ಹಾಕೋವಾಗ ಗುದ್ದಲಿಗೆ ಬಿಳಿ ಬಿಳಿ ಚೂರು ಸಿಕ್ಕವು. ನೋಡಿದರೆ ಟೀ ಬ್ಯಾಗ್! ನಮ್ಮ ಹೋಂಸ್ಟೇಗೆ ಬಂದವರು ಕುಡಿದು ಬಿಟ್ಟದ್ದನ್ನು ಆರು ತಿಂಗಳ ಹಿಂದೆ ನಾನೇ ಗುಂಡಿಗೆ ಎಸೆದಿದ್ದೆ. ಒಳಗಿನ ಟೀ ಮಣ್ಣಾಗಿತ್ತು, ಚೀಲ ಹಾಗೇ ಇತ್ತು.

ಪೇಪರ್ ತಾನೇ ಅಂದ್ಕೊಂಡಿದ್ದೆ. ಆದರೆ ಎಷ್ಟೋ ಬ್ಯಾಗ್‌ಗಳ ಕಾಗದದಲ್ಲಿ, ಅಂಚು ಬಿಸಿಗೆ ಅಂಟಲಿ ಅಂತ ಪಾಲಿಪ್ರೊಪಿಲೀನ್ ನಾರು ಸೇರಿಸಿರುತ್ತಾರೆ. ಬಲೆಯಂತೆ ಮಿಂಚುವ ತ್ರಿಕೋನ ಬ್ಯಾಗ್‌ಗಳಲ್ಲಿ ಹಲವು ನೈಲಾನ್ ಅಥವಾ ಪಿಇಟಿ. 2019ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಇಂಥ ಖಾಲಿ ಬ್ಯಾಗನ್ನು 95 ಡಿಗ್ರಿ ನೀರಲ್ಲಿ ಅದ್ದಿ ನೋಡಿದಾಗ, ಒಂದೇ ಬ್ಯಾಗಿನಿಂದ ಸುಮಾರು 1,160 ಕೋಟಿ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳ ಲೆಕ್ಕ ಸಿಕ್ಕಿತ್ತು.

ಒಳಗೇನಿದೆ ನೋಡೋಣ ಅಂತ ಹೊಸ ಬ್ಯಾಗೊಂದನ್ನು ಕತ್ತರಿಸಿ ಹಾಳೆ ಮೇಲೆ ಸುರಿದೆ. ಪಕ್ಕದಲ್ಲಿ ಕೂನೂರಿನಿಂದ ತಂದ ಎಲೆ ಟೀ. ಬ್ಯಾಗಿನದು ಅಕ್ಕಿ ಮಿಲ್ಲಿನ ಸಣ್ಣ ನುಚ್ಚಿನ ಹಾಗಿತ್ತು. ಟೀ ಫ್ಯಾಕ್ಟರಿಯಲ್ಲೂ ಜರಡಿ ಹಿಡಿದೇ ದರ್ಜೆ ಮಾಡೋದು: ಸಣ್ಣ ಚೂರು ಫ್ಯಾನಿಂಗ್ಸ್, ಅದಕ್ಕಿಂತ ಸಣ್ಣದು ಡಸ್ಟ್. ಇವು ಕಸವೇನಲ್ಲ. ಚೂರು ಸಣ್ಣದಾದಷ್ಟೂ ಬಣ್ಣ, ಒಗರು ಬೇಗ ಬಿಡುತ್ತದೆ. ಪರಿಮಳವೂ ಅಷ್ಟೇ ಬೇಗ ಹಾರಿಹೋಗುತ್ತದೆ. ಹಾಲು ಹಾಕಿ ಕುದಿಸೋ ಮನೆ ಟೀಗೆ ಪ್ಯಾಕೆಟ್ ಪುಡಿಯೇ ಸರಿ. ಎಲೆ ಟೀಯನ್ನು ಹಾಗೆ ಕುದಿಸಿದರೆ ದುಡ್ಡು ದಂಡ. ಅದನ್ನು ಬಿಸಿನೀರಲ್ಲಿ ಮೂರು ನಾಲ್ಕು ನಿಮಿಷ ಬಿಟ್ಟು, ಸೋಸಿ, ಹಾಲಿಲ್ಲದೆ ಕುಡೀಬೇಕು. ಅದೇ ಎಲೆಗೆ ಇನ್ನೊಂದು ಸಲ ನೀರು ಹಾಕಬಹುದು.

ದುಡ್ಡಿನ ಲೆಕ್ಕ ಮೊಬೈಲಲ್ಲೇ ಹಾಕಿ. ಒಂದು ಬ್ಯಾಗಿನಲ್ಲಿ ಸಾಮಾನ್ಯವಾಗಿ 2 ಗ್ರಾಂ ಟೀ. 25 ಬ್ಯಾಗಿನ ಡಬ್ಬಿ ಅಂದ್ರೆ 50 ಗ್ರಾಂ. ಡಬ್ಬಿ ಬೆಲೆಯನ್ನು 20ರಿಂದ ಗುಣಿಸಿದರೆ ಕೆಜಿ ರೇಟು ಬಂತು. ನಾನು ಗುಣಿಸಿ ನೋಡಿ ಸುಮ್ಮನಾದೆ. ದಾರಕ್ಕೆ, ಚೀಟಿಗೆ, ಡಬ್ಬಿಗೆ ಕೊಡೋ ದುಡ್ಡೇ ಜಾಸ್ತಿ!

ಈಗ ರೂಮಲ್ಲಿ ಎಲೆ ಟೀ, ಜೊತೆಗೊಂದು ಸ್ಟೀಲ್ ಜಾಲರಿ ಇಡ್ತೀವಿ. ಬ್ಯಾಗೇ ಬೇಕು ಅನ್ನೋರಿಗೆ ಕೊಡ್ತೀವಿ. ಆಮೇಲೆ ಕತ್ತರಿಸಿ ಚರಟ ಗುಂಡಿಗೆ, ಚೀಲ ಒಣಕಸಕ್ಕೆ. ಹಾಲು, ಸಕ್ಕರೆ ಸೇರಿದ ಚರಟ ಆದ್ರೆ ತೊಳೆದು ಹಾಕಿ, ಇಲ್ಲಾಂದ್ರೆ ಇರುವೆ ಮುತ್ತುತ್ತೆ.

ಅಂಗಡಿಯವರು 'ಇದು ಕರಗುತ್ತೆ ಸಾರ್, ಜೋಳದಿಂದ ಮಾಡಿದ್ದು' ಅಂತ ಬೇರೆ ಥರದ ಬ್ಯಾಗ್ ಕೊಟ್ಟರು. ಈ ಪಿಎಲ್‌ಎ ಚೀಲ ಕೊಳೆಯೋಕೆ ಒಳ್ಳೇ ಶಾಖ ಬೇಕು, ಮನೆ ಗುಂಡಿಯಲ್ಲಿ ಅಷ್ಟು ಶಾಖ ಏಳೋದು ಕಷ್ಟ. ಆದರೂ ಎರಡನ್ನು ಗುರುತಿನ ಕೋಲು ನೆಟ್ಟು ಹೂತಿದ್ದೇನೆ. ಮಳೆಗಾಲ ಮುಗಿದ ಮೇಲೆ ಅಗೆದು ನೋಡ್ತೀನಿ.