ಹಳೆಯ ಆಸ್ಬೆಸ್ಟಾಸ್ ಸೂರನ್ನು ಇಳಿಸುವಾಗ

ಬಿರುಕಿಲ್ಲದ ಆಸ್ಬೆಸ್ಟಾಸ್ ಶೀಟುಗಳಿಂದ ಅಪಾಯವು ಅಲ್ಪ. ಮನೆಯನ್ನು ನವೀಕರಿಸುವಾಗ ಅವನ್ನು ಒಡೆದರೆ ಅಥವಾ ಗರಗಸದಿಂದ ಕೊಯ್ದರೆ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರಿ ಶ್ವಾಸಕೋಶದಲ್ಲಿ ನೆಲೆಸುತ್ತವೆ. ಅವುಗಳಿಂದ ಉಂಟಾಗುವ ಕ್ಯಾನ್ಸರ್ 20ರಿಂದ 40 ವರ್ಷಗಳ ತರುವಾಯವೂ ತಲೆದೋರಬಹುದು. ಬೀಡಿ ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಭಯ ಇನ್ನೂ ಅಧಿಕ. ಆಸ್ಬೆಸ್ಟಾಸ್ ಕಾರ್ಮಿಕರ ಧೂಳುಬಟ್ಟೆಗಳನ್ನು ಒಗೆಯುತ್ತಿದ್ದ ಮಡದಿಯರಿಗೂ ರೋಗ ಬಂದುದು 1965ರ ಲಂಡನ್ ಅಧ್ಯಯನದಲ್ಲಿ ಕಂಡುಬಂದಿತು.

ಆದುದರಿಂದ ಶೀಟನ್ನು ನೀರಿನಿಂದ ತೋಯಿಸಿ, ಬೋಲ್ಟುಗಳನ್ನು ಬಿಚ್ಚಿ, ಇಡಿಯಾಗಿ ಇಳಿಸತಕ್ಕದ್ದು. ಹಳೆಯ ಶೀಟು ಭಾರ ತಾಳದು. ಅದರ ಮೇಲೆ ಕಾಲಿಡಕೂಡದು. ಮೂಗಿಗೆ ಕಟ್ಟಿದ ಟವೆಲು ಸಾಲದು, ಎಫ್‌ಎಫ್‌ಪಿ-3 ದರ್ಜೆಯ ಮುಖವಾಡ ಬೇಕು. ಮಕ್ಕಳೂ ಗರ್ಭಿಣಿಯರೂ ದೂರವಿರಲಿ. ಒಡೆದ ತುಂಡುಗಳನ್ನು ಕೊಟ್ಟಿಗೆಗೆ ಹಾಸುವುದು ಮಿತವ್ಯಯವಲ್ಲ, ಅವಿವೇಕ. ನೆಲವನ್ನು ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಿರಿ. ತೊಟ್ಟ ಉಡುಪನ್ನು ಕೊಡವದೆ ನೀರಿನಲ್ಲಿ ಅದ್ದಿ, ಪ್ರತ್ಯೇಕವಾಗಿ, ತೊಟ್ಟವರೇ ಒಗೆಯುವುದು ನ್ಯಾಯ.